ಸ್ಲಾವ್ಕೊ ತಟ್ಟಿ ನೋಡಿದ ಸೂರು

ಎಪ್ಪತ್ತೊಂಬತ್ತು ವರ್ಷದ ಹೆಂಗಸಿನ ಬಾಗಿಲಿಗೆ ‘ಈ ಮನೆ ವಾಸಕ್ಕೆ ಯೋಗ್ಯವಲ್ಲ’ ಎಂದು ಕಾಗದ ಅಂಟಿಸುವುದಿದೆಯಲ್ಲ, ಅದಕ್ಕಿಂತ ಹೇಸಿಗೆಯ ಕೆಲಸ ಇನ್ನೊಂದಿಲ್ಲ. ಬೇರೆ ಯಾರಾದರೂ ಅಂಟಿಸಿದ್ದರೆ ಸ್ಲಾವ್ಕೊ ಅವನ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದ. ಆದರೆ ಅಂಟಿಸಿದವನು ಸ್ಲಾವ್ಕೊನೇ. ಮರುಭೂಮಿಯ ನಡುವಿನ ನಮ್ಮ ಟಿನ್ ಹ್ಯಾಟ್ ಪಟ್ಟಣದ ಕೌನ್ಸಿಲ್ಲಿನಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಅವನೇ ಕಟ್ಟಡ ಇನ್‌ಸ್ಪೆಕ್ಟರ್. ಸಂಬಳ ಕೊಡುವವರು ಅಂಟಿಸು ಅಂದಾಗ ಅಂಟಿಸಲೇಬೇಕು.

ಅಂಟು ಒಣಗುವ ಮೊದಲೇ ಬಾಗಿಲು ತೆರೆದುಕೊಂಡಿತು. ಎನಿಡ್ ಕನ್ನಡಕ ಏರಿಸಿಕೊಂಡು ಹೊರಗೆ ಬಂದಳು.

“ಏನೋ ಅದು? ನನ್ನ ಹರಾಜಿಗೆ ಇಟ್ಯಾ?”

“ನಾನಲ್ಲ ಎನಿಡ್. ಆಫೀಸಿಂದು.”

“ಆಫೀಸಿಗೆ ಕೈ ಇದ್ಯಾ? ಅಂಟು ನಿನ್ನ ಬೆರಳಲ್ಲಿದೆ.” ಅವಳು ಕಾಗದದ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. “ಕಿಟಕಿ ಇಲ್ವಂತೆ! ಗುಡ್ಡದ ಹೊಟ್ಟೆಯೊಳಗೆ ಕಿಟಕಿ ಇಟ್ಟು ನಾನು ಏನನ್ನ ನೋಡ್ಬೇಕಂತೆ, ಕಲ್ಲನ್ನಾ? ನಲವತ್ತಾರು ವರ್ಷದಿಂದ ಇದೇ ಮನೇಲಿ ಉಸಿರಾಡ್ತಿದೀನಲ್ಲ, ಅದಕ್ಕೂ ಇವರ ಅಪ್ಪಣೆ ಬೇಕಿತ್ತಾ?”

ಸ್ಲಾವ್ಕೊ ತಲೆ ತಗ್ಗಿಸಿ ಅಂಟಿನ ಡಬ್ಬಿಯ ಮುಚ್ಚಳ ಹಾಕಿದ.

ನಮ್ಮಲ್ಲಿ ಮನೆ ಕಟ್ಟುವುದಿಲ್ಲ, ಕೊರೆಯುತ್ತೇವೆ. ಬೇಸಿಗೆಯಲ್ಲಿ ಹೊರಗೆ ಪಕ್ಷಿಗಳು ಹಾರುವುದನ್ನೇ ಬಿಟ್ಟಿರುತ್ತವೆ. ಗುಡ್ಡದೊಳಗೆ ಮಾತ್ರ ಹಾಸಿಗೆ, ಗೋಡೆ, ನೀರು ಎಲ್ಲ ತಣ್ಣಗಿರುತ್ತದೆ. ಗಾಳಿಗೆ ಚಾವಣಿಯಿಂದ ಮೇಲಕ್ಕೆ ಒಂದು ಕೊಳವೆ ಬಿಟ್ಟರೆ ಮುಗಿಯಿತು. ಅರ್ಧ ಊರು ಹೀಗೇ ಬದುಕಿದೆ, ಹೆತ್ತಿದೆ, ಸತ್ತಿದೆ. ಇಷ್ಟು ವರ್ಷ ಯಾರಿಗೂ ಕಾಣದ ಕಿಟಕಿ ಈಗ ಒಮ್ಮೆಲೇ ಕಾನೂನಿಗೆ ಬೇಕಾಗಿತ್ತು.

ಸ್ಲಾವ್ಕೊ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಡಲಾಚೆಯ ಡಾಲ್ಮೇಶಿಯಾದ ಒಂದು ಕಲ್ಲುಹಳ್ಳಿಯಿಂದ ಇಲ್ಲಿಗೆ ಬಂದವನು. ಮಾತು ಬರುತ್ತಿರಲಿಲ್ಲ, ಗುರುತಿನವರಿರಲಿಲ್ಲ. ಎನಿಡ್‌ಳ ಗಂಡ ಕೋಲ್ ಅವನನ್ನು ಓಪಲ್ ಎಂಬ ರತ್ನದ ಕಲ್ಲು ಅಗೆಯುವ ಕೆಲಸಕ್ಕೆ ಜೊತೆಗಾರನಾಗಿ ಸೇರಿಸಿಕೊಂಡ. ಊಟ ಎನಿಡ್‌ಳ ಮನೆಯಲ್ಲಿ. ಬರೆಯಲು ಓದಲು ಕಲಿಸಿದವಳೂ ಅವಳೇ, ಅದೂ ಜಾಮ್ ಬಾಟಲಿಗಳ ಮೇಲಿನ ಚೀಟಿ ಓದಿಸಿ. ಕೋಲ್ ಕಲಿಸಿದ್ದು ಒಂದೇ ವಿದ್ಯೆ. ಕಲ್ಲಿನ ಕೆಳಗೆ ನಿಲ್ಲುವ ಮೊದಲು ಪಿಕಾಸಿಯ ಕಾವಿನಿಂದ, ಅದರ ಮರದ ಹಿಡಿಯಿಂದ, ಕಲ್ಲನ್ನು ತಟ್ಟಬೇಕು, ಕಿವಿಗೊಟ್ಟು ಕೇಳಬೇಕು. ಖಣ್ ಎಂದರೆ ಗಟ್ಟಿ. ಬೊದ್ ಎಂದರೆ ಪೊಳ್ಳು, ಚಹಾ ಕಾಯುತ್ತಿದ್ದರೂ ಬಿಟ್ಟು ಓಡಬೇಕು.

ಇನ್ನೊಂದು ವಿದ್ಯೆಯನ್ನು ಊರೇ ಕಲಿಸಿತು. ಪಟ್ಟಣದ ಗಡಿಯೊಳಗೆ ಓಪಲ್ ಅಗೆಯಕೂಡದು ಎನ್ನುತ್ತದೆ ಕಾನೂನು. ಆದರೆ ಮನೆ ದೊಡ್ಡದು ಮಾಡಿಕೊಳ್ಳಬೇಡಿ ಎಂದು ಯಾರೂ ಅಂದಿಲ್ಲವಲ್ಲ! ಹಾಗಾಗಿ ಟಿನ್ ಹ್ಯಾಟ್‌ನಲ್ಲಿ ಎಲ್ಲರೂ ಮನೆ ದೊಡ್ಡದು ಮಾಡುತ್ತಲೇ ಇರುತ್ತಾರೆ. ಮಕ್ಕಳಿಲ್ಲದ ಗಂಡ ಹೆಂಡತಿಗೆ ಒಂಬತ್ತು ಮಲಗುವ ಕೋಣೆ. ಅಂಚೆಯವನ ಅಡುಗೆಮನೆಯಲ್ಲಿ ಬಸ್ಸು ತಿರುಗಿಸಬಹುದು. “ಏನಯ್ಯ ಮಾಡ್ತಿದ್ದೀಯಾ?” ಎಂದು ಕೇಳಿದರೆ “ಹೆಂಡ್ತಿಗೆ ಬಟ್ಟೆ ಇಡೋಕೆ ಜಾಗ ಸಾಲ್ದಂತೆ” ಎನ್ನುವುದು ವಾಡಿಕೆ. ಕೌನ್ಸಿಲ್ಲಿನ ದಫ್ತರದಲ್ಲಿ ಇಂಥ ಕೋಣೆಗಳೆಲ್ಲ ಉಗ್ರಾಣ ಎಂದೇ ದಾಖಲು. ಉಗ್ರಾಣಕ್ಕೆ ಕಿಟಕಿ ಬೇಡ, ಅನುಮತಿ ಬೇಡ, ಏನೂ ಬೇಡ.

ಕೋಲ್ ಮತ್ತು ಸ್ಲಾವ್ಕೊ ಕೂಡ ದೊಡ್ಡದು ಮಾಡಿದರು. ಎನಿಡ್‌ಳ ದಿನಸಿ ಕೋಣೆಯ ಹಿಂಗೋಡೆಯಿಂದ ಶುರುಮಾಡಿ ಗುಡ್ಡದ ಆಚೆಬದಿಯ ಕಡೆಗೆ ಸುರಂಗ ಕೊರೆದರು. ಶನಿವಾರ ಮಧ್ಯಾಹ್ನ ಊರೆಲ್ಲ ರೇಡಿಯೊದಲ್ಲಿ ಫುಟ್‌ಬಾಲ್ ಕೇಳುತ್ತ ಕೂತಾಗ ಇವರ ಪಿಕಾಸಿಯ ಸದ್ದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಸಿಕ್ಕಿದ್ದು ಬೂದು ಬಣ್ಣದ, ಯಾವನೂ ಮೂಸದ ಕಲ್ಲು. ಫೈನಲ್ ಪಂದ್ಯದ ದಿನ ಕೊನೆಯ ಕಾಲು ಗಂಟೆ ಉಳಿದಿತ್ತು. ಪಂದ್ಯ ಮುಗಿಯುವುದರೊಳಗೆ ಇನ್ನೆರಡು ಅಡಿ ಹೋಗೋಣ ಎಂದು ಇಬ್ಬರೂ ಆತುರಪಟ್ಟರು. ಅವತ್ತು ಒಬ್ಬರೂ ಚಾವಣಿ ತಟ್ಟಲಿಲ್ಲ. ಬಂಡೆ ಕೋಲ್‌ನ ಕಾಲಿನ ಮೇಲೆ ಬಿತ್ತು. ಬೂಟು ಬಿಚ್ಚಿ ಕಾಲು ಎಳೆದದ್ದು ಸ್ಲಾವ್ಕೊ. ಆಸ್ಪತ್ರೆಯಲ್ಲಿ ಲಾರಿಯಿಂದ ಬಿದ್ದ ಎಂದರು. ಮರುವಾರ ಸ್ಲಾವ್ಕೊ ಸುರಂಗದ ಬಾಯಿಗೆ ಇಟ್ಟಿಗೆ ಕಟ್ಟಿ, ಮೇಲೆ ಹಲಗೆ ಹೊಡೆದ, ಎನಿಡ್ ಅದರ ಮೇಲೆ ಜಾಮ್ ಬಾಟಲಿ ಜೋಡಿಸಿದಳು. ಯಾವ ನಕ್ಷೆಯಲ್ಲೂ ಅದು ಬರಲಿಲ್ಲ. ಕೋಲ್ ಸಾಯುವ ತನಕ ಕುಂಟಿದ. ಅವನು ಹೋಗಿ ಆರು ವರ್ಷವಾಯಿತು.

ಬಂಡೆ ಬಿದ್ದ ದಿನದಿಂದಲೇ ಸ್ಲಾವ್ಕೊ ಓಪಲ್ ಅಗೆಯುವುದನ್ನು ಬಿಟ್ಟ. ಕೆಲವು ವರ್ಷದ ಮೇಲೆ ಕಲ್ಲಿನ ಬುದ್ಧಿ ಬಲ್ಲವನು ಬೇಕು ಎಂದು ಕೌನ್ಸಿಲ್ ಅವನನ್ನು ಇನ್‌ಸ್ಪೆಕ್ಟರ್ ಮಾಡಿತು. ಇಪ್ಪತ್ತನಾಲ್ಕು ವರ್ಷ ಅದೇ ಪಿಕಾಸಿ ಕಾವು ಹಿಡಿದು ಮನೆಮನೆಯ ಚಾವಣಿ ತಟ್ಟಿದ. ಏಳು ಮನೆಯವರನ್ನು ಅವತ್ತೇ ಹೊರಗೆ ಹಾಕಿಸಿದ್ದಾನೆ. ಏಳೂ ಮನೆಯವರು ಅವನಿಗೆ ಹಿಡಿಶಾಪ ಹಾಕಿದರು. ಆಮೇಲೆ ಅದರಲ್ಲಿ ಎರಡು ಮನೆಯ ಚಾವಣಿ ಕುಸಿದು ಮಂಚ ಮೇಜು ಪುಡಿಯಾದವು, ಮನುಷ್ಯರಿಗೆ ಏನೂ ಆಗಲಿಲ್ಲ. ಶಾಪ ಹಾಕಿದವರೇ ಕ್ರಿಸ್‌ಮಸ್ಸಿಗೆ ಕೇಕು ತಂದುಕೊಟ್ಟರು. ಕದ್ದು ಅಗೆದವರಿಗೂ ನೋಟಿಸು ಬರೆದ, ಮುಲಾಜಿಲ್ಲದೆ ಬರೆದ. ಬರೆಯುವಾಗಲೆಲ್ಲ ಎನಿಡ್‌ಳ ಜಾಮ್ ಬಾಟಲಿಗಳು ಕಣ್ಣೆದುರು ಬರುತ್ತಿದ್ದವು. ಆದರೂ ಸಹಿ ಮಾಡುತ್ತಿದ್ದ.

ಹೀಗಿರುವಾಗ, ಎನಿಡ್‌ಳ ಬಾಗಿಲಿನ ಕಾಗದಕ್ಕೆ ಸ್ವಲ್ಪ ಮೊದಲು, ಅಡಿಲೇಡ್ ನಗರದಿಂದ ಕರ್ಸ್ಟಿ ಬಂದಳು, ಸ್ಲಾವ್ಕೊನ ಮೇಲಧಿಕಾರಿಯಾಗಿ. ಮೂವತ್ತೆರಡು ವರ್ಷ, ಬಿಸಿಲಿಗೆ ಕೆಂಪೇರಿದ ಮೂಗು, ಕೈಯಲ್ಲಿ ಯಾವಾಗಲೂ ಒಂದು ಟ್ಯಾಬ್ಲೆಟ್ಟು. ಕೆಟ್ಟವಳೇನಲ್ಲ. ತೊಂದರೆಯೇ ಅದು. ಕೆಟ್ಟವಳಾಗಿದ್ದರೆ ಬೈದು ಕೈತೊಳೆದುಕೊಳ್ಳಬಹುದಿತ್ತು. ಅವಳಿಗೆ ಒಂದು ಪಟ್ಟಿ ಕೊಟ್ಟು ಕಳಿಸಿದ್ದರು. ಪಟ್ಟಿಯಲ್ಲಿ ಇದ್ದದ್ದು ಉಂಟು, ಇಲ್ಲದ್ದು ಇಲ್ಲ.

“ಕೋಣೆಯ ನೆಲದ ಹತ್ತನೇ ಒಂದು ಭಾಗದಷ್ಟು ಅಗಲದ ಕಿಟಕಿ ಇರ್ಬೇಕು ಸ್ಲಾವ್ಕೊ. ಎನಿಡ್ ಅವರ ಮನೇಲಿ ಒಂದೂ ಇಲ್ಲ.”

“ಚಾವಣಿ ತಟ್ಟಿ ನೋಡಿದ್ಯಾಮ್ಮ? ಗಂಟೆ ಬಾರಿಸಿದ ಹಾಗೆ ಖಣ್ ಅನ್ನುತ್ತೆ. ಈ ಊರಲ್ಲಿ ಅದರಷ್ಟು ಭದ್ರವಾದ ಮನೆ ಇನ್ನೊಂದು ತೋರ್ಸು.”

“ನೀವು ತಟ್ಟಿದ್ದನ್ನ ಎಲ್ಲಿ ಬರೀಲಿ? ಇದರಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.”

ಸ್ಲಾವ್ಕೊ ಕೌನ್ಸಿಲ್ಲಿನ ಮುಖ್ಯಸ್ಥ ಪೈಕ್‌ನ ಕೋಣೆಗೆ ನುಗ್ಗಿದ. “ಮೂವತ್ತೊಂದು ಮನೆಗೆ ಕಿಟಕಿ ಇಲ್ಲ. ಮೊದಲನೇ ಕಾಗದ ಆ ಮುದುಕಿಗೇ ಯಾಕೆ?”

“ಎಲ್ಲಿಂದಾದ್ರೂ ಶುರು ಮಾಡ್ಬೇಕಲ್ಲ ಸ್ಲಾವ್ಕೊ.”

ಎಲ್ಲಿಂದ ಶುರು, ಯಾಕೆ ಶುರು ಎಂದು ಊರಿಗೆಲ್ಲ ಗೊತ್ತಿತ್ತು. ಗುಡ್ಡದ ಆಚೆಬದಿಯಿಂದ ಕಿನ್‌ಸೆಲ್ಲಾ ಎಂಬವನು ದೊಡ್ಡ ಹೋಟೆಲ್ಲು ಕೊರೆಸುತ್ತಿದ್ದ. ಪ್ರವಾಸಿಗಳ ಬಸ್ಸು ನಿಲ್ಲಿಸಲು ಸಮತಟ್ಟಾದ ಜಾಗ ಇದ್ದದ್ದು ಎನಿಡ್‌ಳ ಬಾಗಿಲ ಮುಂದೆ. ಅದು ಮನೆಯ ಜೊತೆಗೇ ಸೇರಿದ ಜಾಗ. ಎನಿಡ್ ಎರಡು ಸಲ ಕೊಡುವುದಿಲ್ಲ ಎಂದಿದ್ದಳು. ಮೂರನೆಯ ಸಲ ಕೇಳುವ ಬದಲು ಕಾಗದ ಬಂತು. ಅವಳ ಮುಂದಿನ ಗತಿ ಐನೂರು ಕಿಲೋಮೀಟರ್ ದೂರದ ವೃದ್ಧಾಶ್ರಮ. ಅಲ್ಲಿ ಕಿಟಕಿ ಇದೆಯಂತೆ. ತೆರೆಯಲು ಬಾರದ ಹಾಗೆ ಮೊಳೆ ಹೊಡೆದಿದ್ದಾರಂತೆ.

ಎನಿಡ್ ಆಕ್ಷೇಪಣೆ ಬರೆದಳು. ನವೆಂಬರ್ ಮೊದಲ ವಾರದ ಬುಧವಾರ ಕೌನ್ಸಿಲ್ ಅದನ್ನು ಕೇಳುವುದು ಎಂದಾಯಿತು. ಸ್ಲಾವ್ಕೊ ಇಪ್ಪತ್ತನಾಲ್ಕು ವರ್ಷದ ತನ್ನ ವರದಿಗಳನ್ನೆಲ್ಲ ತೆಗೆದು, ಅವಳ ಮನೆ ಭದ್ರವಾಗಿದೆ ಎಂದು ಒಂಬತ್ತು ಪುಟ ಬರೆದುಕೊಟ್ಟ. ಗೆಲ್ಲುವ ಆಸೆ ಇತ್ತು.

ಆ ಬುಧವಾರಕ್ಕೆ ಐದು ದಿನ ಮೊದಲು, ಶುಕ್ರವಾರ, ಕಿನ್‌ಸೆಲ್ಲಾನ ಹೊಸ ಊಟದ ಹಾಲ್‌ನ ಕೊನೆಯ ತಪಾಸಣೆ. ಮಂಗಳವಾರ ಮೆಲ್ಬರ್ನ್ ಕಪ್ ಕುದುರೆ ರೇಸು. ಆ ಮಧ್ಯಾಹ್ನ ಊರಿನ ಹೆಂಗಸರೆಲ್ಲ ಟೋಪಿ ತೊಟ್ಟು ಒಟ್ಟಿಗೆ ಉಣ್ಣುವುದು ನಮ್ಮ ವರ್ಷದ ದೊಡ್ಡ ಸಂಭ್ರಮ. ಈ ಸಲ ಆ ಊಟ ಹೊಸ ಹಾಲ್‌ನಲ್ಲಿ. ಗೋಡೆಗೆ ನುಣುಪು ಬಳಿದಿದ್ದರು. ಚಾವಣಿಯ ನಡುವಿನಿಂದ ಗಾಜಿನ ತೂಗುದೀಪ ಇಳಿಬಿಟ್ಟಿದ್ದರು, ಒಂದು ಕರುವಿನಷ್ಟು ತೂಕದ್ದು. ಸ್ಲಾವ್ಕೊ ಏಣಿ ಹತ್ತಿ ಕಾವಿನಿಂದ ತಟ್ಟಿದ. ಗೋಡೆಯ ಬಳಿ ಖಣ್. ನಾಲ್ಕು ಹೆಜ್ಜೆ ಒಳಗೆ ಖಣ್. ದೀಪದ ಪಕ್ಕದಲ್ಲಿ ಬೊದ್.

ಮತ್ತೆ ತಟ್ಟಿದ. ಬೊದ್. ಆ ಪೊಳ್ಳು ಸದ್ದನ್ನು ಹಿಂಬಾಲಿಸಿ ತಟ್ಟುತ್ತ ಹೋದ. ಮೂರು ಅಡಿ ಅಗಲಕ್ಕೆ, ನೇರ ಗೆರೆ ಎಳೆದ ಹಾಗೆ, ಅದು ಎನಿಡ್‌ಳ ಮನೆಯ ದಿಕ್ಕಿಗೆ ಹೋಗುತ್ತಿತ್ತು. ಆ ಅಗಲ ಅವನಿಗೆ ಗೊತ್ತು. ಕೋಲ್‌ನ ಭುಜದ ಅಗಲಕ್ಕೆ ಕೊರೆದ ಸುರಂಗ ಅದು.

“ಏನ್ ಸ್ಲಾವ್ಕೊ,” ಕೆಳಗಿನಿಂದ ಕಿನ್‌ಸೆಲ್ಲಾ ನಗಾಡಿದ, “ಬಾಗಿಲು ತಟ್ಟಿ ಯಾರನ್ನ ಕರೀತಿದ್ದೀಯಾ? ಮೇಲೆ ಯಾರೂ ಇಲ್ಲ ಮಾರಾಯ.”

“ಇದು ಪೊಳ್ಳು. ಇಲ್ಲಿ ಜನ ಕೂರಬಾರದು.”

ಕರ್ಸ್ಟಿ ಟ್ಯಾಬ್ಲೆಟ್ಟು ಎತ್ತಿ ತೋರಿಸಿದಳು. “ಎಂಜಿನಿಯರ್ ಪ್ರಮಾಣಪತ್ರ ಇದೆ. ಮೇಲೆ ಹನ್ನೊಂದು ಮೀಟರ್ ಗಟ್ಟಿ ಮರಳುಗಲ್ಲು. ಎರಡು ಕಡೆ ಕೊರೆದು ನೋಡಿದ್ದಾರೆ.”

“ಎರಡು ಕಡೆ! ಈ ಕಡೆ ನೋಡಿದ್ರಾ? ದೀಪದ ಬೋಲ್ಟು ಹಾಕಿದವನನ್ನ ಕೇಳು, ಕೊರೆಯುವಾಗ ಕೊನೇಲಿ ಬೈರಿಗೆ ಸರಕ್ಕಂತ ಒಳಗೆ ಹೋಗ್ಲಿಲ್ವಾ ಅಂತ.”

“ಮಣ್ಣಿನ ಪದರ ಸಿಕ್ತು ಅಂದ,” ಎಂದ ಕಿನ್‌ಸೆಲ್ಲಾ. “ಬೇರೆ ಪುರಾವೆ ಏನಿದೆ ನಿಂದು? ಕೋಲು ಮತ್ತು ಕಿವಿ?”

ಪುರಾವೆ ಸ್ಲಾವ್ಕೊನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿ ಬಿಟ್ಟರೆ ಎನಿಡ್‌ಳ ಮನೆಯ ಹಿಂದೆ ಕಳ್ಳ ಸುರಂಗ ಇದೆ ಎಂದು ಹೇಳಬೇಕು. ಹೇಳಿದರೆ ಬುಧವಾರ ಅವಳ ಆಕ್ಷೇಪಣೆ ಕಸದ ಬುಟ್ಟಿಗೆ. ಹೇಳದಿದ್ದರೆ ಮಂಗಳವಾರ ಐವತ್ತು ಹೆಂಗಸರು ಆ ದೀಪದ ಕೆಳಗೆ. ಅವನು ಸಹಿ ಮಾಡುವುದಿಲ್ಲ ಎಂದಷ್ಟೇ ಅಂದ. ಕರ್ಸ್ಟಿ ತಾನೇ ಸಹಿ ಮಾಡಿದಳು. ಅವಳ ಪಟ್ಟಿಯ ಪ್ರಕಾರ ಎಲ್ಲವೂ ಸರಿಯಾಗಿತ್ತು!

ಶನಿವಾರ, ಭಾನುವಾರ ಕೌನ್ಸಿಲ್ಲಿಗೆ ಬೀಗ. ಸೋಮವಾರ ಪೈಕ್‌ನ ಹತ್ತಿರ ಹೋಗಿ, ಊಟವನ್ನು ಎರಡು ದಿನ ಮುಂದೂಡಿ, ಇಲ್ಲವೇ ಹಳೆಯ ಕ್ಲಬ್ಬಿನಲ್ಲಿ ಮಾಡಿ ಎಂದು ಅಂಗಲಾಚಿದ. ಕುದುರೆ ರೇಸನ್ನು ಮುಂದೂಡಲು ಆಗುತ್ತದಾ ಎಂದು ಪೈಕ್ ನಕ್ಕ. ಸ್ಲಾವ್ಕೊನಿಗೆ ಪೈಕ್‌ನ ಮೇಲಿಗಿಂತ ಹೆಚ್ಚು ಸಿಟ್ಟು ತನ್ನ ಮೇಲೇ ಇತ್ತು. ಊರಿಗೆಲ್ಲ ನೋಟಿಸು ಬರೆದ ಕೈ ತನ್ನ ಹೆಸರಿಗೆ ಒಂದು ಸಾಲು ಬರೆಯಲು ಹಿಂಜರಿಯುತ್ತಿತ್ತು.

ಮಂಗಳವಾರ ಬೆಳಿಗ್ಗೆ ಹೆಂಡತಿ ಮಾರಾ ಕನ್ನಡಿಯ ಮುಂದೆ ನಿಂತು ಹಳದಿ ಟೋಪಿಗೆ ಪಿನ್ನು ಚುಚ್ಚುತ್ತಿದ್ದಳು.

“ಹೋಗ್ಬೇಡ ಮಾರಾ.”

“ಯಾಕೆ ಹೋಗ್ಬಾರ್ದು?”

“ಹಾಲ್ ಸರಿಯಿಲ್ಲ.”

“ಸರಿಯಿಲ್ಲ ಅಂದ್ರೆ ಊರಿಗೆಲ್ಲ ಹೇಳು ಮನುಷ್ಯಾ! ನಾನೊಬ್ಬಳು ಮನೇಲಿ ಉಳಿದು, ಉಳಿದ ನಲವತ್ತೊಂಬತ್ತು ಜನ ಅಲ್ಲಿ ಕೂತು ತಿನ್ಬೇಕಾ? ನನ್ನ ತಲೆ ಮಾತ್ರ ತಲೆನಾ?” ಅವಳು ಕೊನೆಯ ಪಿನ್ನು ಚುಚ್ಚಿ ಮುಗಿಸಿದಳು. “ಮೂರು ದಿನದಿಂದ ಏನೋ ಗಂಟಲಲ್ಲಿ ಸಿಕ್ಕಿಸ್ಕೊಂಡಿದ್ದೀಯಾ. ಉಗುಳು, ಇಲ್ಲಾ ನುಂಗು,” ಎಂದು ಬಾಗಿಲು ಎಳೆದುಕೊಂಡು ಹೋದಳು.

ಸ್ಲಾವ್ಕೊ ಅಲ್ಲೇ ಕೂತ. ಗಡಿಯಾರ ಒಂದೂವರೆ ತೋರಿಸಿತು. ರೇಸು ಎರಡೂವರೆಗೆ. ಆಮೇಲೆ ಎದ್ದ, ಪಿಕಾಸಿ ತೆಗೆದುಕೊಂಡ, ಎನಿಡ್‌ಳ ಮನೆಗೆ ನಡೆದ. ಎನಿಡ್ ಊಟಕ್ಕೆ ಹೋಗಿರಲಿಲ್ಲ. ಕಿನ್‌ಸೆಲ್ಲಾನ ಅನ್ನ ಮುಟ್ಟುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಳು. ಅವನು ನಿಂತಲ್ಲೇ ಎಲ್ಲ ಹೇಳಿದ.

“ಆ ಹಾಲ್‌ನ ಚಾವಣಿ ನಮ್ಮ ಸುರಂಗದ ನೆಲ, ಎನಿಡ್. ಒಂದು ಮೊಳ ಕಲ್ಲೂ ಇಲ್ಲ ನಡುವೆ. ಹೋಗಿ ಕೂಗಿದ್ರೆ ನಂಬಲ್ಲ, ಕೋಲು ಕಿವಿ ಅಂತ ನಗ್ತಾರೆ. ಸುರಂಗ ತೋರಿಸ್ಬೇಕು. ತೋರಿಸಿದ್ರೆ ನಾಳೆ ನಿನ್ನ ಮನೆ ಹೋಗುತ್ತೆ.”

“ಎಷ್ಟು ದಿನದಿಂದ ಗೊತ್ತು ನಿಂಗೆ?”

“ಶುಕ್ರವಾರದಿಂದ.”

ಎನಿಡ್ ಎದ್ದು ಬಂದು ಅವನ ಕೆನ್ನೆಗೆ ಒಂದು ಬಿಟ್ಟಳು. ಸಣ್ಣ ಏಟಲ್ಲ.

“ನಾಲ್ಕು ದಿನ! ನನ್ನ ಮನೆ ಉಳಿಸೋಕೆ ಐವತ್ತು ಹೆಣ ಹಾಸೋಣ ಅಂತಿದ್ಯಾ? ಯಾರೋ ಕೇಳಿದ್ದು ನಿನ್ನ? ನನ್ನ ಕೇಳಿದ್ಯಾ?” ಅವಳು ದಿನಸಿ ಕೋಣೆಗೆ ನುಗ್ಗಿ, ಸೆರಗಿನಂತೆ ಕಟ್ಟಿಕೊಂಡಿದ್ದ ಏಪ್ರನ್ನಿನಲ್ಲಿ ಜಾಮ್ ಬಾಟಲಿಗಳನ್ನು ತುಂಬತೊಡಗಿದಳು. “ನಿಂತ್ಕೊಂಡು ಏನ್ ನೋಡ್ತಿದ್ದೀಯಾ? ಹಲಗೆ ಕೀಳು.”

ಹಲಗೆ ಕಿತ್ತ, ಇಟ್ಟಿಗೆಗೆ ಪಿಕಾಸಿ ಹಾಕಿದ. ತಾನೇ ಕಟ್ಟಿದ ಗೋಡೆ ಹಟಮಾರಿಯಾಗಿತ್ತು. ಅರ್ಧ ಗಂಟೆಯಲ್ಲಿ ಒಬ್ಬ ಮನುಷ್ಯ ತೂರುವಷ್ಟು ಕಂಡಿಯಾಯಿತು. ಯಾರನ್ನೋ ಕರೆತಂದು ತೋರಿಸಲು ಈಗ ಹೊತ್ತಿರಲಿಲ್ಲ, ಒಳಗಿನಿಂದಲೇ ಕೂಗಬೇಕಿತ್ತು. ಎನಿಡ್ ಅವನ ಸೊಂಟಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ ಇನ್ನೊಂದು ತುದಿ ಹಿಡಿದು ಕೂತಳು. ಟಾರ್ಚು ಕೊಟ್ಟಳು.

ಒಳಗೆ ಮೂವತ್ತು ವರ್ಷದ ಧೂಳು. ಸ್ಲಾವ್ಕೊ ಹೊಟ್ಟೆಯ ಮೇಲೆ ತೆವಳಿದ, ಭಾರ ಒಂದೇ ಕಡೆ ಬೀಳದ ಹಾಗೆ ಕೈಕಾಲು ಅಗಲಿಸಿ. ಬಂಡೆ ಬಿದ್ದ ಜಾಗದಲ್ಲೇ ಇತ್ತು, ಅದರ ಕೆಳಗೆ ಕೋಲ್‌ನ ಬೂಟು. ಅದನ್ನು ದಾಟಿ ಇನ್ನೂ ಮೂರು ಅಡಿ, ಸುರಂಗದ ಕೊನೆಗೆ ಹೋದ. ಟಾರ್ಚಿನ ಬೆಳಕು ಹೊಳೆಯುವ ಏನಕ್ಕೋ ಬಡಿಯಿತು. ಸುರಂಗದ ನೆಲದಿಂದ ಹೊಸ ಬೋಲ್ಟಿನ ತುದಿ ಎದ್ದು ನಿಂತಿತ್ತು. ಕರುವಿನಷ್ಟು ತೂಕದ ದೀಪ ಅದಕ್ಕೆ ಜೋತುಬಿದ್ದಿತ್ತು. ಸುತ್ತ ಕಲ್ಲು ಬಿರುಕು ಬಿಟ್ಟಿತ್ತು, ಬಿರುಕಿನೊಳಗಿಂದ ಬೆಳಕು ಬರುತ್ತಿತ್ತು. ಬೆಳಕಿನ ಜೊತೆ ಹುರಿದ ಕೋಳಿಯ ವಾಸನೆ, ಚಮಚದ ಸದ್ದು, ಕುದುರೆಗಳ ಹೆಸರು ಹೇಳುವ ಟಿವಿ, ಮಾರಾಳ ನಗು.

ಅವನಿಗೆ ತಟ್ಟುವ ಧೈರ್ಯ ಬರಲಿಲ್ಲ. ಬಿರುಕಿಗೆ ಬಾಯಿಟ್ಟು ತನ್ನ ಹಳ್ಳಿಯ ಭಾಷೆಯಲ್ಲಿ ಕೂಗಿದ.

“ಮಾರಾ! ಊಟ ಬಿಟ್ಟು ಏಳು! ಎಲ್ರನ್ನೂ ಎಬ್ಬಿಸು!”

ಕೆಳಗೆ ಚಮಚಗಳು ನಿಂತವು. ಯಾರೋ “ಯೇಸುವೇ” ಎಂದಳು.

“ಮನುಷ್ಯಾ?” ಮಾರಾಳ ದನಿ. “ಎಲ್ಲಿದ್ದೀಯಾ ನೀನು?”

“ನಿನ್ನ ತಲೆ ಮೇಲೆ!”

“ಸ್ಪೀಕರ್ ತೊಂದ್ರೆ, ಸ್ಪೀಕರ್ ತೊಂದ್ರೆ, ಕೂತ್ಕೊಳ್ಳಿ,” ಎಂದು ಕಿನ್‌ಸೆಲ್ಲಾ ಓಡಾಡುವುದು ಕೇಳಿಸಿತು.

“ಏನ್ ಸ್ಪೀಕರ್? ನಲವತ್ತು ವರ್ಷ ಸಂಸಾರ ಮಾಡಿದ ಗಂಡನ ಗಂಟಲು ನಂಗೆ ಗೊತ್ತಾಗಲ್ವಾ?” ಮಾರಾ ಅಷ್ಟು ಜೋರಾಗಿ ಮಾತಾಡಿದ್ದನ್ನು ಅವನು ಎಂದೂ ಕೇಳಿರಲಿಲ್ಲ. “ಹನ್ನೊಂದು ಮೀಟರ್ ಗಟ್ಟಿ ಕಲ್ಲು ಅಂತ ಊರಿಗೆಲ್ಲ ಸಾರಿದ್ಯಲ್ಲಯ್ಯ, ಅದರೊಳಗೆ ನನ್ನ ಗಂಡ ಹೇಗೆ ಮಲಗಿದ್ದಾನೆ ಹೇಳು!”

ಆಮೇಲೆ ಇನ್ನೊಂದು ದನಿ, ಕರ್ಸ್ಟಿಯದು. “ಎಲ್ರೂ ಹೊರಗೆ. ಬ್ಯಾಗು ಬಿಡಿ, ಟೋಪಿ ಬಿಡಿ. ಈಗ್ಲೇ.” ಕುರ್ಚಿಗಳು ಸರಿದವು, ಹಿಮ್ಮಡಿಗಳು ಟಕಟಕ ಎಂದವು. ಕೊನೆಯ ಹೆಜ್ಜೆ ಬಾಗಿಲು ದಾಟುವ ತನಕ ಸ್ಲಾವ್ಕೊ ಅಲ್ಲಾಡಲಿಲ್ಲ. ಕುದುರೆಗಳು ಖಾಲಿ ಹಾಲ್‌ನಲ್ಲಿ ಓಡಿ ಮುಗಿಸಿದವು. ಗೆದ್ದದ್ದು ಯಾವುದೆಂದು ನಮ್ಮೂರಲ್ಲಿ ಒಬ್ಬಳೂ ನೋಡಲಿಲ್ಲ.

ಹೊರಬರುವಾಗ ಅವನು ಕೋಲ್‌ನ ಬೂಟನ್ನು ಎಳೆದು ತಂದು ಎನಿಡ್‌ಳ ಕೈಗೆ ಕೊಟ್ಟ. ಅವಳು ಅದರ ಧೂಳು ಒರೆಸಿದಳು.

ಇಷ್ಟಾದ ಮೇಲೆ ಕೌನ್ಸಿಲ್ ಸ್ಲಾವ್ಕೊನಿಗೆ ಹಾರ ಹಾಕಿತು ಅಂದುಕೊಂಡಿರಾ? ಬುಧವಾರ ಬೆಳಿಗ್ಗೆ ಪೈಕ್ ಅವನನ್ನು ಕರೆಸಿ ಒಂದು ಫಾರಂ ಮುಂದಿಟ್ಟ. ಅನುಮತಿಯಿಲ್ಲದ ಅಗೆತದ ದಾಖಲೆ. ತಪ್ಪಿತಸ್ಥನ ಹೆಸರು ಎಂಬಲ್ಲಿ ಸ್ಲಾವ್ಕೊ ತನ್ನ ಹೆಸರು ಬರೆದ. ಮಾಹಿತಿ ಕೊಟ್ಟವರು ಎಂಬಲ್ಲಿಯೂ ತನ್ನ ಹೆಸರೇ ಬರೆದ.

“ನಿಮ್ಮ ಸುರಂಗ ಇಲ್ದಿದ್ರೆ ಈ ಗಲಾಟೆನೇ ಇರ್ತಿರ್ಲಿಲ್ಲ,” ಎಂದ ಪೈಕ್.

“ನಿಜ.”

ನಿಜವಾದ್ದರಿಂದಲೇ ಅದು ಹೆಚ್ಚು ಉರಿಯಿತು. “ಆದ್ರೆ ಶುಕ್ರವಾರ ನಾನು ಪೊಳ್ಳು ಅಂದೆ, ಸಹಿ ಹಾಕ್ಲಿಲ್ಲ. ಅದನ್ನ ಎಲ್ಲಿ ಬರೀತೀರಿ?” ಎಂದು ಕೇಳಿದ. ಪೈಕ್ ಫಾರಂ ಮಡಚಿದ.

ಸಂಜೆಯೊಳಗೆ ಸ್ಲಾವ್ಕೊನ ಕೆಲಸ ಹೋಯಿತು. ಎನಿಡ್‌ಳ ಆಕ್ಷೇಪಣೆಗೆ ಐದು ನಿಮಿಷ ಸಿಕ್ಕಿತು. ಅವನ ಒಂಬತ್ತು ಪುಟವನ್ನು ಯಾರೂ ತೆರೆಯಲಿಲ್ಲ. ಮನೆಯ ಹಿಂದೆ ಸುರಂಗವಿದೆ, ಆದ್ದರಿಂದ ಹದಿನಾಲ್ಕು ದಿನದಲ್ಲಿ ಖಾಲಿ ಮಾಡಬೇಕು. ಅದೇ ಸುರಂಗದ ಕೆಳಗಿರುವ ಹೋಟೆಲ್ಲಿಗೆ ಮಾತ್ರ ದುರಸ್ತಿಗೆ ಒಂದು ವರ್ಷ ಸಮಯ. ಒಂದೇ ಗುಡ್ಡ, ಒಂದೇ ತೂತು! ಈ ಕಡೆಯಿಂದ ನೋಡಿದರೆ ಅಪರಾಧ, ಆ ಕಡೆಯಿಂದ ನೋಡಿದರೆ ಅನಾನುಕೂಲ. ಸೂಚನಾಫಲಕದ ಮೇಲೆ ಕೌನ್ಸಿಲ್ ಹೀಗೆ ಬರೆಸಿತ್ತು: ‘ಮಾಜಿ ನೌಕರರೊಬ್ಬರ ಅಕ್ರಮದಿಂದ ಉಂಟಾದ ಅಪಾಯವನ್ನು ನಮ್ಮ ತಪಾಸಣಾ ವ್ಯವಸ್ಥೆ ಸಕಾಲದಲ್ಲಿ ನಿವಾರಿಸಿದೆ.’ ಮಾರಾ ಅದನ್ನು ಓದಿ, ನಡುಬೀದಿಯಲ್ಲಿ ನಿಂತು, ತಾಯ್ನುಡಿಯಲ್ಲಿ ಬೈದಳು. ಅರ್ಥವಾಗದವರಿಗೂ ಅರ್ಥವಾಯಿತು.

ಎನಿಡ್‌ಳ ಬಾಗಿಲಿಗೆ ಬೀಗ ಬಿದ್ದ ದಿನ ವೃದ್ಧಾಶ್ರಮದ ವ್ಯಾನು ಬಂತು. ಅದು ಖಾಲಿಯೇ ಹಿಂದಿರುಗಿತು. ಅಷ್ಟರಲ್ಲಿ ಮಾರಾ ಅವಳ ಮಂಚ, ಜಾಮ್ ಬಾಟಲಿ, ಒಂಟಿ ಬೂಟು ಎಲ್ಲವನ್ನೂ ತನ್ನ ಮನೆಯ ಒಂಬತ್ತನೆಯ ಕೋಣೆಗೆ ಸಾಗಿಸಿಯಾಗಿತ್ತು. ಹೌದು, ಒಂಬತ್ತು ಕೋಣೆಯ, ಮಕ್ಕಳಿಲ್ಲದ ಆ ಗಂಡ ಹೆಂಡತಿ ಇವರೇ.

ಎರಡು ತಿಂಗಳ ನಂತರ ಕರ್ಸ್ಟಿಯ ಪಟ್ಟಿ ಆ ಮನೆಗೂ ಬಂತು. ಅವಳು ಒಂದೊಂದೇ ಕೋಣೆ ನೋಡುತ್ತ ಕೊನೆಯದಕ್ಕೆ ಬಂದಳು. ಎನಿಡ್ ಮಂಚದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸ್ಲಾವ್ಕೊ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಕೆಲಸ ಹೋದಮೇಲೆ ಅವನ ಬಾಯಿಗೆ ಲಗಾಮಿರಲಿಲ್ಲ.

“ಕಿಟಕಿ ಇಲ್ಲ, ಬರ್ಕೋ ತಾಯಿ. ಅಂಟು ತಂದಿದ್ದೀಯಾ, ನಾನೇ ಕೊಡ್ಲಾ?”

ಕರ್ಸ್ಟಿ ಮೂಲೆಯಲ್ಲಿ ಒರಗಿಸಿದ್ದ ಪಿಕಾಸಿ ಕಾವನ್ನು ತೆಗೆದುಕೊಂಡು ಚಾವಣಿ ತಟ್ಟಿದಳು. ಹಿಡಿಯುವ ರೀತಿ ತಪ್ಪಾಗಿತ್ತು. ಆದರೂ ಕಲ್ಲು ಖಣ್ ಎಂದಿತು. ಅವಳು ಇನ್ನೂ ಮೂರು ಕಡೆ ತಟ್ಟಿ, ತಲೆ ವಾರೆ ಮಾಡಿ ಕೇಳಿದಳು. ಆಮೇಲೆ ಟ್ಯಾಬ್ಲೆಟ್ಟು ತೆಗೆದು ನಿಂತಳು. ಬೆರಳು ಮೇಲೆಯೇ ಉಳಿಯಿತು.

“ದಫ್ತರದಲ್ಲಿ ಇದು ಉಗ್ರಾಣ ಅಂತಿದೆ,” ಎಂದಳು ಮೆಲ್ಲಗೆ. “ಉಗ್ರಾಣದಲ್ಲಿ ಯಾರೂ ವಾಸ ಮಾಡೋ ಹಾಗಿಲ್ಲ, ಎನಿಡ್.”

“ಯಾರು ವಾಸ ಮಾಡ್ತಿದ್ದಾರೆ? ವಾಸ ಮಾಡ್ತಿದ್ದ ಮನೆಗೆ ನೀನೇ ಬೀಗ ಹಾಕಿದ್ಯಲ್ಲ.” ಎನಿಡ್ ಅವರೆಕಾಯಿಯ ಬಟ್ಟಲು ಪಕ್ಕಕ್ಕಿಟ್ಟಳು. “ನಾನಿಲ್ಲಿ ಸಾಮಾನು. ಜಾಮ್ ಬಾಟ್ಲಿ ಜೊತೆ ನನ್ನನ್ನೂ ಇಟ್ಟಿದ್ದಾರೆ. ಎಪ್ಪತ್ತೊಂಬತ್ತು ವರ್ಷ ಮನುಷ್ಯಳಾಗಿದ್ದೆ, ಈ ಊರಲ್ಲಿ ತಲೆ ಮೇಲೆ ಗಟ್ಟಿ ಕಲ್ಲು ಬೇಕು ಅಂದ್ರೆ ಸಾಮಾನಾಗ್ಬೇಕು. ಅದಕ್ಕೆ ಕಾಲಮ್ ಇದೆ ತಾನೇ? ಬರ್ಕೋ.”

ಕರ್ಸ್ಟಿ ಬರೆದುಕೊಂಡಳು: ಉಗ್ರಾಣ, ಒಳಗೆ ಸಾಮಾನು, ಕಿಟಕಿ ಬೇಡ.